ಶಾಲೆಯ ಚಾವಣಿಯನ್ನು ಒಮ್ಮೆ ತಲೆ ಎತ್ತಿ ನೋಡೋಣ



ಎಂ.ಟೆಕ್.ನಲ್ಲಿ ನಾನು ಓದಿದ್ದು ಸ್ಟ್ರಕ್ಚರಲ್ ಎಂಜಿನಿಯರಿಂಗ್. ಈಗ ಮಾಡುತ್ತಿರುವುದು ಸಾಫ್ಟ್‌ವೇರ್ ಕೆಲಸ. ಶಾಲಾ ಕಟ್ಟಡಗಳ ಬಗ್ಗೆ ಮಾತನಾಡಿ ಎಂದು ನೀವು ಕರೆದಾಗ ನನಗೆ ಮೊದಲು ನೆನಪಾದದ್ದು ನನ್ನದೇ ತಪ್ಪು.

ಮೂರು ವರ್ಷಗಳ ಹಿಂದೆ, ಮುಂಬಯಿಯ ಮಳೆಗಾಲ. ಮಗಳು ಶಾಲೆಯಿಂದ ಬಂದವಳೇ, “ಅಮ್ಮ, ನಮ್ಮ ಕ್ಲಾಸಿನ ಸೀಲಿಂಗ್ ಮೇಲೆ ಒಂದು ಆನೆ ಇದೆ, ದಿನಾ ದೊಡ್ಡದಾಗ್ತಿದೆ” ಅಂದಳು. ನಾನು ನಕ್ಕು ಲ್ಯಾಪ್‌ಟಾಪ್ ಕಡೆ ತಿರುಗಿದೆ. ಅದು ನೀರು ಜಿನುಗಿ ಮೂಡಿದ ಕಂದು ಕಲೆ. ಕೆಲವು ವಾರಗಳ ನಂತರ ಒಂದು ಭಾನುವಾರ ಅಲ್ಲಿನ ಪ್ಲಾಸ್ಟರ್ ಅವಳು ಕೂರುವ ಬೆಂಚಿನ ಮೇಲೆಯೇ ಕಳಚಿ ಬಿತ್ತು. ಸೋಮವಾರ ಬಿದ್ದಿದ್ದರೆ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹೀಗೇಕೆ ಆಗುತ್ತದೆ? ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳನ್ನು ಕಾಪಾಡುವುದು ಅದರ ಸುತ್ತಲಿನ ಕಾಂಕ್ರೀಟೇ. ಚಾವಣಿಯಲ್ಲಿ ಸರಳಿನ ಕೆಳಗೆ ಕನಿಷ್ಠ 20 ಮಿ.ಮೀ. ಕಾಂಕ್ರೀಟ್ ಇರಬೇಕು. ಹೊಸ ಕಾಂಕ್ರೀಟನ್ನು ಕನಿಷ್ಠ 7ರಿಂದ 10 ದಿನ ಒದ್ದೆಯಾಗಿಡಬೇಕು. ಕೆಲಸ ಬೇಗ ಮುಗಿಯಲೆಂದು ಇದನ್ನು ಬಿಟ್ಟರೆ, ಕಲಸುವಾಗ ಸುಲಭವೆಂದು ನೀರು ಹೆಚ್ಚು ಸುರಿದರೆ, ಕಾಂಕ್ರೀಟಿನಲ್ಲಿ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಅಲ್ಲಿಂದ ನೀರು, ಗಾಳಿ, ನಮ್ಮ ಊರಿನಲ್ಲಿ ಸಮುದ್ರದ ಉಪ್ಪೂ ಒಳಗಿಳಿದು ಸರಳು ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎಷ್ಟೋ ಹೆಚ್ಚು ಜಾಗ ಬೇಕು. ಅದು ಉಬ್ಬಿ ಕಾಂಕ್ರೀಟನ್ನು ಒಡೆದು ಹೊರದಬ್ಬುತ್ತದೆ.

ಇನ್ನು ಕಟ್ಟಿದ ಮೇಲಿನ ಅಸಡ್ಡೆ. ತಾರಸಿಯ ಪೈಪಿನಲ್ಲಿ ಎಲೆ ಕಟ್ಟಿಕೊಂಡು ನೀರು ನಿಲ್ಲುತ್ತದೆ, ಗೋಡೆಯ ಸಂದಿಯಲ್ಲಿ ಅರಳಿ ಸಸಿ ಬೇರು ಬಿಡುತ್ತದೆ. ನಾವೋ, ವಾರ್ಷಿಕೋತ್ಸವ ಬಂತೆಂದು ಕಲೆಯ ಮೇಲೆ ಸುಣ್ಣ ಬಳಿಯುತ್ತೇವೆ! ಗಾಯ ಮುಚ್ಚುತ್ತದೆ, ವಾಸಿಯಾಗುವುದಿಲ್ಲ.

ಕಾರಣ ಒಂದೊಂದು ಕಡೆ ಒಂದೊಂದು ಇರಬಹುದು, ಬೆಲೆ ತೆರುವವರು ಮಾತ್ರ ಮಕ್ಕಳೇ. 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿಯಲ್ಲಿ ಸರ್ಕಾರಿ ಶಾಲೆ ಕುಸಿದು 7 ಮಕ್ಕಳು ಪ್ರಾಣ ಕಳೆದುಕೊಂಡರು. ಅದೂ ಮಳೆಗಾಲವೇ.

ತಡೆಯುವುದು ಕಷ್ಟವಲ್ಲ. ಮೇ ತಿಂಗಳಲ್ಲೇ ತಾರಸಿ, ಪೈಪು ಸ್ವಚ್ಛವಾಗಲಿ. ಬಿರುಕಿನ ಎರಡು ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಬೆಳೆದರೆ ಎಂಜಿನಿಯರನ್ನು ಕರೆಸಿ. ಚಾವಣಿಯನ್ನು ಮೆಲ್ಲಗೆ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಆ ಕೋಣೆಯಲ್ಲಿ ಪಾಠ ಬೇಡ. ರಿಪೇರಿಯೆಂದರೆ ಸಡಿಲವಾದದ್ದನ್ನು ಕೆತ್ತಿ, ತುಕ್ಕು ಉಜ್ಜಿ ತೆಗೆದು, ಸರಳಿಗೆ ರಕ್ಷಣೆಯ ಲೇಪ ಕೊಟ್ಟು, ಆಮೇಲೆ ಮುಚ್ಚಬೇಕು. ಮೇಲಿನ ಸೋರಿಕೆ ನಿಲ್ಲದಿದ್ದರೆ ಅದೂ ವ್ಯರ್ಥ. ಮುಂಬಯಿಯಲ್ಲಿ 30 ವರ್ಷ ದಾಟಿದ ಕಟ್ಟಡಗಳಿಗೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ಅದರ ವರದಿ ತೋರಿಸಿ ಎಂದು ಕೇಳುವುದು ಜಗಳವಲ್ಲ.

ನಾವು ಐದು ಜನ ತಾಯಂದಿರು ಹಾಗೆ ಕೇಳಿದೆವು. ಮೊದಲು ಶಾಲೆಯವರಿಗೆ ಬೇಸರವಾಯಿತು. ಪರೀಕ್ಷೆ ಮಾಡಿಸಿದ ಮೇಲೆ ಅವರೇ ಎರಡು ಕೋಣೆ ಮುಚ್ಚಿ ದುರಸ್ತಿಗೆ ಕೈಹಾಕಿದರು.

ಪೇರೆಂಟ್ಸ್ ಮೀಟಿಂಗಿನಲ್ಲಿ ನಾವು ಮಾರ್ಕ್ಸ್ ಕಾರ್ಡನ್ನೇ ನೋಡುತ್ತೇವೆ. ಈ ಸಲ ಒಮ್ಮೆ ತಲೆ ಎತ್ತಿ ಚಾವಣಿಯನ್ನೂ ನೋಡಿ. ಮಗು ಆನೆ ಕಾಣಿಸಿತು ಎಂದರೆ ನಗಬೇಡಿ, ಹೋಗಿ ನೋಡಿ ಬನ್ನಿ.