ಒಂದು ಒತ್ತಕ್ಷರದ ದೂರ

ಯಲ್ಲಾಪುರದಿಂದ ಅಂಕೋಲೆಯ ಕಡೆಗೆ ಇಳಿಯುವ ಘಟ್ಟಕ್ಕೆ ತನ್ನ ಹೆಸರನ್ನು ಕೊಟ್ಟಿರುವ ಅರಬೈಲ್ ನನ್ನ ಹುಟ್ಟೂರು. ಕಳೆದ ಮಳೆಗಾಲದಲ್ಲಿ ಅಲ್ಲಿಯ ಮನೆಯ ಜಗುಲಿಯ ಮೇಲೆ ನನ್ನ ಮೊಮ್ಮಗಳು ಕುಳಿತು ಪಾಠ ಉರುಹೊಡೆಯುತ್ತಿದ್ದಳು. ಕಾಲೇಜಿನಲ್ಲಿ ಅವಳು ಆಯ್ದುಕೊಂಡ ಭಾಷೆ ಫ್ರೆಂಚ್. ನಡುವೆ ತಲೆಯೆತ್ತಿ, “ಅಜ್ಜ, ಈ ಕಾಲ ಕನ್ನಡದಲ್ಲಿ ಇಲ್ಲ, ಅಲ್ಲವೆ? ನಮಗೆ ಶಾಲೆಯಲ್ಲಿ ಕಲಿಸಿದ್ದು ಮೂರೇ ಕಾಲ” ಎಂದಳು. ಜೀವಮಾನವೆಲ್ಲ ಕನ್ನಡವನ್ನೇ ಕಲಿಸಿದ ನಾನು ಒಡನೆಯೇ ಉತ್ತರಿಸಲಾರದೆ ಹೋದೆ. ಅಂದು ತಡವಾಗಿ ಹೊಳೆದ ಉತ್ತರವನ್ನು ಶ್ರೋತೃಗಳ ಮುಂದೆ ಇಡಬಯಸುತ್ತೇನೆ.

ಅವಳು ಓದುತ್ತಿದ್ದ ಕಾಲಕ್ಕೆ ಫ್ರೆಂಚರು ‘ಪ್ಲ್ಯೂ-ಕ-ಪಾರ್ಫೆ’ ಎನ್ನುತ್ತಾರೆ. ಪದಶಃ ಹೇಳಿದರೆ ‘ಪೂರ್ಣಕ್ಕಿಂತ ಹೆಚ್ಚಿನದು’. ಆಗಿಹೋದ ಒಂದು ಸಂಗತಿಗಿಂತ ಮೊದಲೇ ಮುಗಿದಿದ್ದ ಇನ್ನೊಂದು ಸಂಗತಿಯನ್ನು ತಿಳಿಸುವುದು ಅದರ ಕೆಲಸ. ಕಟ್ಟುವ ಬಗೆ ಸರಳವೇ. ‘ಪಾರ್ಲೇ’ ಎಂದರೆ ಮಾತಾಡು. ಬರಹದಲ್ಲಿ ಅದರ ಕೊನೆಯ ರಕಾರವನ್ನು ಕಳೆದು ಎಕಾರದ ಮೇಲೊಂದು ಗೀಟನ್ನಿಟ್ಟರೆ ಕೃದಂತವಾಯಿತು; ಉಚ್ಚಾರ ಮಾತ್ರ ಅದೇ. ಅದರ ಹಿಂದೆ, ‘ಹೊಂದು’ ಎಂಬರ್ಥದ ಸಹಾಯಕ ಕ್ರಿಯಾಪದವನ್ನು ಭೂತದಲ್ಲಿ ನಡೆಸಬೇಕು: ನಾನು ಎನ್ನಲು ಜಾವೇ ಪಾರ್ಲೇ, ನೀನು ಎನ್ನಲು ತ್ಯು ಆವೇ ಪಾರ್ಲೇ, ಅವನು ಎನ್ನಲು ಇಲ್ ಆವೇ ಪಾರ್ಲೇ, ನಾವು ಎನ್ನಲು ನೂಝಾವ್ಯೋಂ ಪಾರ್ಲೇ, ನೀವು ಎನ್ನಲು ವೂಝಾವ್ಯೇ ಪಾರ್ಲೇ, ಅವರು ಎನ್ನಲು ಇಲ್‌ಝಾವೇ ಪಾರ್ಲೇ. ಕೃದಂತ ಕದಲುವುದಿಲ್ಲ, ಪುರುಷ, ವಚನಗಳ ಹೊರೆಯನ್ನೆಲ್ಲ ಸಹಾಯಕವೇ ಹೊರುತ್ತದೆ. ಹೋಗು, ಬರು, ಸಾಯು ಮೊದಲಾದ ಕೆಲವು ಕ್ರಿಯೆಗಳಿಗೆ ಮಾತ್ರ ‘ಹೊಂದು’ ಎಂಬುದರ ಬದಲು ‘ಇರು’ ಸಹಾಯಕ.

ಈಗ ನಮ್ಮ ಮಾತನ್ನು ನೋಡೋಣ. ‘ಮಾತಾಡಿ’ ಎಂಬ ಕೃದಂತಕ್ಕೆ ‘ಇದ್ದೆನು’ ಸೇರಿದರೆ ಮಾತಾಡಿದ್ದೆನು. ನೀನು ಮಾತಾಡಿದ್ದೆ, ಅವನು ಮಾತಾಡಿದ್ದನು, ಅವಳು ಮಾತಾಡಿದ್ದಳು, ಅದು ಮಾತಾಡಿತ್ತು. ನಾವು ಮಾತಾಡಿದ್ದೆವು, ನೀವು ಮಾತಾಡಿದ್ದಿರಿ, ಅವರು ಮಾತಾಡಿದ್ದರು. ಅಚ್ಚು ಅದೇ. ಕೃದಂತ ನಿಂತಿದೆ, ಸಹಾಯಕ ನಡೆಯುತ್ತಿದೆ. ಭೇದವಿರುವುದು ಸಹಾಯಕದಲ್ಲಿ. ‘ನನಗೆ ಮನೆಯಿದೆ’ ಎನ್ನುವ ನಮಗೆ ಒಡೆತನವನ್ನು ಹೇಳುವುದಕ್ಕೂ ‘ಇರು’ ಎಂಬುದೇ ಬೇಕು. ಫ್ರೆಂಚನು ಆಡಿದ ಮಾತನ್ನು ಹೊಂದಿದ್ದನು. ಕನ್ನಡಿಗನು ಮಾತನ್ನು ಆಡಿ, ಇದ್ದನು.

ಹಾಗಾದರೆ ಮೂರೇ ಕಾಲವೆಂದು ಕಲಿಸಿದ್ದು ತಪ್ಪೆ? ತಪ್ಪಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ದ, ದಪ, ವ ಎಂಬ ಪ್ರತ್ಯಯಗಳಿಂದ ಮೂರು ಕಾಲಗಳನ್ನು ಗುರುತಿಸಿದನು. ಎಣಿಕೆಗೆ ಸಿಕ್ಕಿದ್ದು ಪ್ರತ್ಯಯ. ಎರಡು ಕ್ರಿಯೆಗಳು ಕೂಡಿ ಹುಟ್ಟಿಸುವ ಕಾಲ ಆ ಎಣಿಕೆಯ ಹೊರಗುಳಿಯಿತು. ಪಟ್ಟಿಯಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ಬಾಯಲ್ಲಿ ಬಳಕೆಯಿಲ್ಲವೆಂದಲ್ಲ. ಪರಭಾಷೆಯ ಕನ್ನಡಿಯಲ್ಲಿ ನಮ್ಮ ಮುಖವನ್ನು ನೋಡಿಕೊಳ್ಳುವುದೂ ಹೊಸತಲ್ಲ. 1604ರಲ್ಲಿ ಭಟ್ಟಾಕಳಂಕನು ಕನ್ನಡದ ವ್ಯಾಕರಣವಾದ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಸಂಸ್ಕೃತ ಸೂತ್ರಗಳಲ್ಲಿಯೇ ಬರೆದನು.

ಈ ರೂಪದ ನಿಜವಾದ ಕಸುವು ಬಳಕೆಯಲ್ಲಿದೆ. ‘ನಿನ್ನೆ ನಿಮ್ಮ ಮನೆಗೆ ಬಂದೆ’ ಎಂದರೆ ಕಥೆ ಮುಂದುವರಿಯಬೇಕು. ‘ನಿನ್ನೆ ನಿಮ್ಮ ಮನೆಗೆ ಬಂದಿದ್ದೆ’ ಎಂದರೆ ಬಂದವನು ತಿರುಗಿ ಹೋದದ್ದೂ ಅದರಲ್ಲಿಯೇ ಅಡಗಿದೆ. ನೀವು ಮನೆಯಲ್ಲಿ ಇರಲಿಲ್ಲವೆಂಬ ಸಣ್ಣ ಆಕ್ಷೇಪವೂ ಕೆಲವೊಮ್ಮೆ ಕೇಳಿಸುತ್ತದೆ. ನಿಷೇಧದಲ್ಲಂತೂ ಪುರುಷಭೇದವೇ ಅಳಿಯುತ್ತದೆ. ನಾನು ಬಂದಿರಲಿಲ್ಲ, ನೀನು ಬಂದಿರಲಿಲ್ಲ, ಅವರು ಬಂದಿರಲಿಲ್ಲ. ಬಾರದೆ ಹೋದವರೆಲ್ಲರಿಗೂ ಒಂದೇ ರೂಪ.

ಮೊಮ್ಮಗಳಿಗೆ ಇದನ್ನು ಬಿಡಿಸಿ ಹೇಳುವಾಗ, ‘ಆಡಿದೆ’ ಮತ್ತು ‘ಆಡಿದ್ದೆ’ ಎಂಬ ಎರಡು ರೂಪಗಳನ್ನು ಕಾಗದದ ಮೇಲೆ ಒಂದರ ಕೆಳಗೊಂದು ಬರೆದೆ. ನಡುವಿನ ಅಂತರ ಒಂದು ದಕಾರದ ಒತ್ತು. ಅದನ್ನು ಬರೆಯುತ್ತಿದ್ದ ಕೈ ಅಲ್ಲಿಯೇ ನಿಂತಿತು.

1968ರಲ್ಲಿ ನಾನು ಧಾರವಾಡದಲ್ಲಿ ಓದುತ್ತಿದ್ದೆ. ದೊಡ್ಡಹಬ್ಬಕ್ಕೆ ಊರಿಗೆ ಹೋಗಲಿಲ್ಲ. ಪರೀಕ್ಷೆಯ ನೆವವಿತ್ತು, ನಿಜವಾಗಿ ಗೆಳೆಯರೊಡನೆ ಉಳಿಯುವ ಆಸೆ. ಹಬ್ಬ ಕಳೆದ ವಾರಕ್ಕೆ ತಂದೆಯವರ ಕಾರ್ಡು ಬಂತು. ಅಡಿಕೆಯ ಕೊನೆಕೊಯ್ಲು, ಹಸು ಕರು ಹಾಕಿದ್ದು, ತಾಯಿಯ ಕೆಮ್ಮು, ಇವುಗಳ ನಡುವೆ ಒಂದು ಸಾಲು: “ನೀನು ಬರುವೆಯೆಂದು ನಂಬಿದ್ದೆ.” ಓದಿ ಪುಸ್ತಕದ ನಡುವೆ ಇಟ್ಟೆ. ಅದನ್ನೊಂದು ವರ್ತಮಾನವೆಂದೇ ತಿಳಿದೆ. ಆ ಚಳಿಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು. ಹುಬ್ಬಳ್ಳಿಯ ದಾರಿಯಾಗಿ ಬಸ್ಸು ಹಿಡಿದು ಅರಬೈಲಿಗೆ ನಾನು ತಲಪುವಷ್ಟರಲ್ಲಿ ಎಲ್ಲವೂ ಮುಗಿದಿತ್ತು.

ಅವರು ‘ನಂಬಿದೆ’ ಎಂದು ಬರೆದಿರಲಿಲ್ಲ. ‘ನಂಬಿದ್ದೆ’ ಎಂದು ಬರೆದಿದ್ದರು. ನಂಬಿಕೆ ಇತ್ತು, ಹಬ್ಬದ ದಿನದವರೆಗೂ ಇತ್ತು, ಆಮೇಲೆ ಇಲ್ಲವಾಯಿತು. ಮೂರನೆಯ ತರಗತಿಯ ಆಚೆಗೆ ಓದದ ಆ ಮನುಷ್ಯ ಯಾವ ವ್ಯಾಕರಣವನ್ನೂ ಕಾಣದೆ, ಬೈಗುಳವಿಲ್ಲದೆ, ಒಂದು ಒತ್ತಕ್ಷರದಲ್ಲಿ ಹೇಳಬೇಕಾದುದನ್ನು ಹೇಳಿ ಮುಗಿಸಿದ್ದರು. ವ್ಯಾಕರಣ ಕಲಿತ ಮಗನಿಗೆ ಅದನ್ನು ಓದಲು ಅರ್ಧ ಶತಮಾನಕ್ಕೂ ಮಿಗಿಲಾದ ಕಾಲ ಹಿಡಿಯಿತು. ಅದಕ್ಕೂ ಮೊಮ್ಮಗಳ ಫ್ರೆಂಚ್ ಪಾಠ ನೆರವಾಗಬೇಕಾಯಿತು.

ಕೊನೆಗೆ ಅವಳಿಗೆ ಉತ್ತರ ಕೊಟ್ಟೆ: “ಈ ಕಾಲ ನಮ್ಮಲ್ಲಿ ಇದೆ, ಮಗಳೆ. ನಿನ್ನ ಮುತ್ತಜ್ಜ ನನಗೆ ಕಲಿಸಿದ್ದರು. ನಾನು ಕಲಿತಿರಲಿಲ್ಲ.”