ಅಜ್ಜ ಹೋದ್ರು, ಪಹಣಿ ಮಾತ್ರ ಅಜ್ಜನ ಹೆಸರಲ್ಲೇ ಇದೆ

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತವರಿಗೂ, ರೂಮಲ್ಲಿ ಅನ್ನಕ್ಕಿಟ್ಟು ಕೇಳ್ತಿರೋವ್ರಿಗೂ ಸ್ವಾಗತ. ಇವತ್ತು ಎಸ್‌ಐಪಿ, ಷೇರು, ಟ್ಯಾಕ್ಸ್ ಯಾವುದೂ ಇಲ್ಲ. ಇವತ್ತು ನಮ್ಮನೆ ಮಾತು. ನಿಮ್ಮನೆ ಮಾತೂ ಆಗಿರಬಹುದು.

ಕೂಡ್ಲಿಗಿ ಕಡೆ ನಮ್ಮಜ್ಜ ಶೇಂಗಾ ಬೆಳೆದ ದುಡ್ಡಲ್ಲಿ ಕೊಂಡ ಐದು ಎಕರೆ ಹೊಲ ಇದೆ. ಅಜ್ಜ ತೀರಿಕೊಂಡು ಹತ್ತು ವರ್ಷದ ಮೇಲಾಯ್ತು. 2023ರ ಬರ ನೆನಪಿದೆಯಲ್ಲ? ಅದರ ಪರಿಹಾರ ಪಕ್ಕದ ಹೊಲದವರ ಖಾತೆಗೆ ಬಂತು, ನಮಗೆ ಬರಲಿಲ್ಲ. ಯಾಕಂದ್ರೆ ಪರಿಹಾರ ಹೋಗೋದು ಫ್ರೂಟ್ಸ್ ಐಡಿ ನೋಡಿ, ಫ್ರೂಟ್ಸ್ ಐಡಿ ನೋಡೋದು ಪಹಣಿಯನ್ನ. ಪಹಣಿಯಲ್ಲಿ ಇರೋದು ಅಜ್ಜ!

ಆಗ ಚಿಕ್ಕಪ್ಪ ಒಂದು ಕಾಗದ ಬರೆಸ್ಕೊಂಡು ಅತ್ತೆ ಮನೆಗೆ ಹೋದ್ರು. 'ಸಹಿ ಹಾಕಕ್ಕ, ಸುಮ್ನೆ ಫಾರ್ಮ್ಯಾಲಿಟಿ' ಅಂದ್ರು. ಅತ್ತೆ ಜಗಳ ಆಡಲಿಲ್ಲ. 'ಹಾಕ್ತೀನಪ್ಪ. ಆದ್ರೆ ಇದರಲ್ಲಿ ಏನು ಬರೆದದೆ ಅಂತ ಒಬ್ಬರಾದ್ರೂ ಓದಿ ಹೇಳ್ರಿ' ಅಂದ್ರು. ಎಲ್ಲರೂ ನನ್ನ ಮುಖ ನೋಡಿದ್ರು, ಬಿಕಾಂ ಓದಿದವನಲ್ಲ! ನನಗೂ ಗೊತ್ತಿರಲಿಲ್ಲ. ಆ ವರ್ಷ ಕೊಟ್ಟೂರು ತೇರಿಗೆ ಅತ್ತೆ ಬರಲೇ ಇಲ್ಲ. ಆಮೇಲೆ ನಾನು ಓದಿ, ಕೇಳಿ ತಿಳ್ಕೊಂಡಿದ್ದನ್ನ ಹೇಳ್ತೀನಿ.

ಮೊದಲನೇದು, ಪಾಲು. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರದ್ದು. ಅಜ್ಜ ತಾನೇ ದುಡಿದು ಕೊಂಡ ಆಸ್ತಿ, ಉಯಿಲು, ಅಂದ್ರೆ ವಿಲ್ ಬರೆದಿಲ್ಲ. ಹಾಗಾದ್ರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ನಮ್ಮಲ್ಲಿ ಅಜ್ಜಿ, ಅಪ್ಪ, ಚಿಕ್ಕಪ್ಪ, ಇಬ್ಬರು ಅತ್ತೆಯರು. ಐದು ಜನ, ಐದು ಎಕರೆ, ತಲೆಗೊಂದು ಎಕರೆ. 'ಮದುವೆಗೆ ಖರ್ಚು ಮಾಡಿ ಕೊಟ್ಟಾಯ್ತಲ್ಲ' ಅನ್ನೋದು ಕಾನೂನಿನ ಲೆಕ್ಕಕ್ಕೆ ಬರಲ್ಲ. ಪಿತ್ರಾರ್ಜಿತ ಆಸ್ತಿಯಲ್ಲೂ ಮಗಳಿಗೆ ಹುಟ್ಟಿನಿಂದಲೇ ಹಕ್ಕು. 2005ರ ತಿದ್ದುಪಡಿ ಅದನ್ನ ಕೊಟ್ಟಿತು, 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನ ಇನ್ನೂ ಸ್ಪಷ್ಟ ಮಾಡಿತು. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ನಿಯಮ ಬೇರೆ, ಅದು ನೆನಪಿರಲಿ.

ಎರಡನೇದು, ಪೌತಿ ಖಾತೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಆಧಾರ್ ಇಟ್ಕೊಂಡು ಅರ್ಜಿ ಕೊಟ್ಟು ವಾರಸುದಾರರ ಹೆಸರು ಪಹಣಿಗೆ ಸೇರಿಸೋದು. ಪೌತಿ ಆಯ್ತು ಅಂದ್ರೆ ಪಾಲಾಯ್ತು ಅಂತಲ್ಲ. ಎಲ್ಲರ ಹೆಸರೂ ಜಂಟಿಯಾಗಿ ಕೂರುತ್ತೆ ಅಷ್ಟೆ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟು ಕೊಟ್ರೆ ಅವತ್ತು ಕೆಲಸ ಬೇಗ ಆಗಬಹುದು, ನಾಳೆ ಅದೇ ಕೋರ್ಟಿನ ದಾರಿ.

ಮೂರನೇದು, ಸಹಿ. ಯಾರಾದ್ರೂ ಮನಸ್ಸಾರೆ ಪಾಲು ಬಿಟ್ಟುಕೊಡೋದಾದ್ರೆ ಬಿಡಲಿ. ಆದ್ರೆ ಅದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ಆಗಬೇಕು. ಚಿಕ್ಕಪ್ಪ ತಂದಂಥ ಕಾಗದದಿಂದ ಹಕ್ಕು ಹೋಗಲ್ಲ, ಸಂಬಂಧ ಮಾತ್ರ ಹೋಗುತ್ತೆ.

ನಾಲ್ಕನೇದು, ವಿಲ್. ಸ್ಟಾಂಪ್ ಪೇಪರ್ ಬೇಕಿಲ್ಲ, ಬಿಳಿ ಹಾಳೆ ಸಾಕು. ಬರೆದವರು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು, ಇಬ್ಬರು ಸಾಕ್ಷಿಗಳು ಸಹಿ ಮಾಡಬೇಕು. ಆಸ್ತಿ ಸಿಗೋವ್ರು ಸಾಕ್ಷಿ ಆಗದೇ ಇದ್ರೆ ಒಳ್ಳೇದು. ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದ್ರೆ ಮುಂದೆ ತಕರಾರು ಕಡಿಮೆ. ಬದುಕಿರೋವರೆಗೂ ಎಷ್ಟು ಸಲ ಬೇಕಾದ್ರೂ ಬದಲಾಯಿಸಬಹುದು. ಪಿತ್ರಾರ್ಜಿತ ಆಸ್ತಿಯಾದ್ರೆ ತಮ್ಮ ಪಾಲಿಗಷ್ಟೇ ಬರೆಯೋಕಾಗುತ್ತೆ.

ಇನ್ನು ಬ್ಯಾಂಕ್ ಖಾತೆ. ನಾಮಿನಿ ಇದ್ರೆ ಹಣ ಬೇಗ ಕೈಗೆ ಬರುತ್ತೆ. ಹಾಗಂತ ನಾಮಿನಿಯೇ ಮಾಲೀಕ ಅಲ್ಲ, ವಾರಸುದಾರರ ಪರವಾಗಿ ಹಣ ತಗೊಳ್ಳೋವ್ರು. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರ ತನಕ ನಾಮಿನಿ ಹಾಕಬಹುದು.

ಇದನ್ನೆಲ್ಲ ಮನೇಲಿ ಕೇಳೋದು ಹೇಗೆ? 'ಅಪ್ಪ, ವಿಲ್ ಬರೀ' ಅಂದ್ರೆ 'ನಾನು ಸಾಯೋದನ್ನ ಕಾಯ್ತಿದ್ದೀಯೇನೋ' ಅಂತಾರೆ. ನಾನು ಮೊಬೈಲಲ್ಲಿ ಪಹಣಿ ತೆಗೆದು ಅಪ್ಪನ ಕೈಗೆ ಕೊಟ್ಟೆ. 'ಇದರಲ್ಲಿ ನಿನ್ನ ಹೆಸರೇ ಇಲ್ಲ ನೋಡು' ಅಂದೆ. ಮಾತು ಅಲ್ಲಿಂದ ಶುರುವಾಯ್ತು.

ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯ್ತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆ ಸೇರ್ತು. ಕೂಡ್ಲಿಗಿ ತಾಲೂಕಲ್ಲಿದ್ದ ಕೊಟ್ಟೂರು ತಾನೇ ತಾಲೂಕಾಯ್ತು. ಇಷ್ಟೆಲ್ಲ ಬದಲಾದ್ರೂ ಎಷ್ಟೋ ಪಹಣಿಗಳಲ್ಲಿ ತೀರಿಹೋದವರ ಹೆಸರು ಹಾಗೇ ಇದೆ.

ನಮ್ಮದು ಏನಾಯ್ತು? ಐದೂ ಹೆಸರಿನ ಪೌತಿ ಆಯ್ತು. ದೊಡ್ಡ ಅತ್ತೆ ತಮ್ಮ ಎಕರೆ ಇಟ್ಕೊಂಡ್ರು, ಚಿಕ್ಕ ಅತ್ತೆ ಇನ್ನೂ ಯೋಚನೆ ಮಾಡ್ತಿದ್ದಾರೆ. ವಿಭಾಗ ಪತ್ರ ಬಾಕಿ ಇದೆ. ಚಿಕ್ಕಪ್ಪನ ಮುಖ ಇನ್ನೂ ಸ್ವಲ್ಪ ಗಂಟೇ. ಆದ್ರೆ ಈ ಸಲ ತೇರಿಗೆ ಅತ್ತೆ ಬಂದ್ರು, ಚಿಕ್ಕಪ್ಪನೇ ಬಸ್‌ಸ್ಟ್ಯಾಂಡಿಗೆ ಹೋಗಿ ಕರ್ಕೊಂಡು ಬಂದ್ರು.

ನಿಮಗೊಂದು ಹೋಮ್‌ವರ್ಕ್: ಹಡಗಲಿ ಇರಲಿ, ಹಗರಿಬೊಮ್ಮನಹಳ್ಳಿ ಇರಲಿ, ಇವತ್ತು ರಾತ್ರಿ ನಿಮ್ಮ ಹೊಲದ ಪಹಣಿ ತೆಗೆದು ಹೆಸರು ನೋಡಿ. ನಾನು ಹೇಳಿದ್ದು ಸಾಮಾನ್ಯ ಮಾಹಿತಿ. ಸಹಿ ಹಾಕೋ ಮುಂಚೆ ವಕೀಲರನ್ನ ಕೇಳಿ. ಅದಕ್ಕೂ ಮುಂಚೆ ಅತ್ತೆಗೊಂದು ಫೋನ್ ಮಾಡಿ. ಮುಂದಿನ ವಾರ ಸಿಗೋಣ.