ತೊಟ್ಟಿಲು ಬಿಟ್ಟ ಮಗುವಿನ ಊಟ



‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆ ನಮ್ಮೆಲ್ಲರಿಗೂ ಪರಿಚಿತವಾದುದು. ಆದರೆ ಮೂರು ವರ್ಷದ ಮಗು ಊಟವನ್ನು ಬಲ್ಲುದೆ? ಅದರ ಪರವಾಗಿ ಹಿರಿಯರಾದ ನಾವೇ ಬಲ್ಲವರಾಗಬೇಕು. ತೊಟ್ಟಿಲನ್ನು ಬಿಟ್ಟು, ಶಾಲೆಯ ಮೆಟ್ಟಿಲನ್ನು ಇನ್ನೂ ಹತ್ತದಿರುವ ಮಕ್ಕಳ ಆಹಾರವನ್ನು ಕುರಿತು ಈ ಹೊತ್ತು ತಮ್ಮೊಡನೆ ನಾಲ್ಕು ಮಾತುಗಳನ್ನಾಡಬೇಕೆಂದಿರುವೆನು.

ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಪಾಠ ಹೇಳುವವನು. ಈ ವಿಷಯದಲ್ಲಿ ನನಗೆ ಪಾಠ ಕಲಿಸಿದವಳು ನನ್ನ ಕಿರಿಯ ಮಗಳು. ಮೂರನೆಯ ವರ್ಷದಲ್ಲಿ ಅವಳು ಗುಂಡುಗುಂಡಾಗಿದ್ದಳು. ಬೆಳಿಗ್ಗೆ ಹಾಲು, ಬಿಸ್ಕತ್ತು. ಮಧ್ಯಾಹ್ನ ತಿಳಿಸಾರಿನ ಅನ್ನ. ಸಂಜೆ, ರಾತ್ರಿ ಮತ್ತೆ ಹಾಲು. ನೋಡಿದವರೆಲ್ಲರೂ ‘ಎಷ್ಟು ಪುಷ್ಟಿಯಾಗಿದ್ದಾಳೆ!’ ಎನ್ನುತ್ತಿದ್ದರು, ನಾವೂ ಹಿಗ್ಗುತ್ತಿದ್ದೆವು. ಆದರೆ ಅವಳು ಆಟದ ನಡುವೆ ಬಂದು ಮಲಗಿಬಿಡುತ್ತಿದ್ದಳು. ಹೂವಿನ ಕುಂಡದ ಮಣ್ಣನ್ನು ಕದ್ದು ತಿನ್ನುತ್ತಿದ್ದಳು. ಅದಕ್ಕಾಗಿ ನಾನು ಅವಳನ್ನು ಗದರಿಸಿದುದೂ ಉಂಟು. ಕಡೆಗೆ ವೈದ್ಯರು ಅವಳ ಕೆಳರೆಪ್ಪೆಯನ್ನು ಸರಿಸಿ ನೋಡಿ, ರಕ್ತವನ್ನು ಪರೀಕ್ಷಿಸಿ, ‘ಹೊಟ್ಟೆಯನ್ನು ತುಂಬಿಸಿದ್ದೀರಿ, ರಕ್ತಕ್ಕೆ ಬೇಕಾದುದನ್ನು ಕೊಟ್ಟಿಲ್ಲ’ ಎಂದರು. ಔಷಧದಿಂದಲೂ ಊಟದ ಬದಲಾವಣೆಯಿಂದಲೂ ಮಗು ಚೇತರಿಸಿಕೊಂಡಳು. ನಾನು ಗದರಿಸಿದ ಮಾತು ಮಾತ್ರ ನನ್ನ ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿದೆ.

ಹಾಲು ಉತ್ತಮವಾದ ಆಹಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಅಲ್ಪ. ಹಾಲಿನಿಂದಲೇ ಹೊಟ್ಟೆ ತುಂಬಿದ ಮಗು ಕಾಳನ್ನೂ ಸೊಪ್ಪನ್ನೂ ಮುಟ್ಟದು. ತಿಳಿಸಾರನ್ನು ಬಡಿಸಿದರೆ ಬೇಳೆ ಪಾತ್ರೆಯ ತಳದಲ್ಲಿಯೇ ಉಳಿಯುವುದು.

ಇದು ಹಳ್ಳಿಯ ಬಡವರ ಮಾತು, ಪಟ್ಟಣಿಗರಾದ ನಮಗೇಕೆ ಎನ್ನುವಿರಾ? 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆಯುಳ್ಳವರು ಹಳ್ಳಿಗಳಲ್ಲಿ ನೂರಕ್ಕೆ 68. ಪಟ್ಟಣಗಳಲ್ಲಿ ನೂರಕ್ಕೆ 64. ಅಂತರವೆಷ್ಟೆಂಬುದನ್ನು ತಾವೇ ನೋಡಿರಿ. ಎರಡು ವರ್ಷದೊಳಗಿನ ಮಕ್ಕಳ ಊಟವನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯವರು ಆಹಾರವನ್ನು ಎಂಟು ವರ್ಗಗಳಾಗಿ ವಿಂಗಡಿಸಿ, ದಿನಕ್ಕೆ ಐದಾದರೂ ಇರಬೇಕೆನ್ನುತ್ತಾರೆ: ತಾಯಿಯ ಹಾಲು, ಧಾನ್ಯ ಮತ್ತು ಗೆಡ್ಡೆ, ಬೇಳೆಕಾಳು ಮತ್ತು ಬೀಜಗಳು, ಹಾಲು ಮೊಸರು, ಮಾಂಸ ಮೀನು, ಮೊಟ್ಟೆ, ಹಳದಿ ಹಣ್ಣು ಮತ್ತು ಹಸಿರು ಸೊಪ್ಪು, ಇತರ ಹಣ್ಣು ತರಕಾರಿ. ಎರಡು ದಾಟಿದ ಮಗುವಿಗೂ ಈ ವೈವಿಧ್ಯವೇ ಬೇಕು. ನನ್ನ ಮಗಳ ತಟ್ಟೆಯಲ್ಲಿ ಎರಡೇ ವರ್ಗಗಳಿದ್ದುವು.

ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಮಿಕ್ಕಿ ಸುಣ್ಣದ ಅಂಶವಿದೆ. ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ರಾಗಿಯ ಅಂಬಲಿ, ಬೇಳೆಯನ್ನು ಮಸೆದು ಕಲಸಿದ ಅನ್ನ, ಮೊಳಕೆ ಬರಿಸಿ ಬೇಯಿಸಿದ ಹೆಸರುಕಾಳು, ಒಂದು ಹಿಡಿ ಸೊಪ್ಪು, ಮೇಲೆ ನಾಲ್ಕು ಹನಿ ನಿಂಬೆಯ ರಸ: ಈ ಹುಳಿಯು ಕಾಳುಸೊಪ್ಪುಗಳ ಕಬ್ಬಿಣವನ್ನು ಮೈಗೂಡಿಸಲು ನೆರವಾಗುವುದು. ತಿನ್ನುವ ಮನೆಯವರು ಮೊಟ್ಟೆಯನ್ನೂ ಕೊಡಬಹುದು. ಮಗುವಿನ ಹೊಟ್ಟೆ ಚಿಕ್ಕದು. ದಿನಕ್ಕೆ ನಾಲ್ಕೈದು ಸಲ ಸ್ವಲ್ಪಸ್ವಲ್ಪವಾಗಿ ಉಣಿಸಬೇಕು.

ನಾಳೆ ಮಗುವನ್ನು ಊಟಕ್ಕೆ ಕೂರಿಸಿದಾಗ ಅದರ ಕೆನ್ನೆಯನ್ನಲ್ಲ, ತಟ್ಟೆಯನ್ನು ನೋಡಿರಿ. ಅದು ಬರಿಯ ಬಿಳುಪಾಗಿದ್ದರೆ ಎದ್ದು ಅಡಿಗೆಮನೆಗೆ ಹೋಗಿ, ತಳದ ಬೇಳೆಯನ್ನು ಸೌಟಿನಿಂದ ಕದಡಿ ಬಡಿಸಿರಿ. ಆರಂಭಕ್ಕೆ ಅಷ್ಟು ಸಾಕು.